ಗೋಡೆಯ ಹಿಂದೆ ಏಳು ಜಿಗಿತ

ಸಾವಿನ ಸುದ್ದಿ ವಿಜಯಲಕ್ಷ್ಮೀಗೆ ತಿಳಿದದ್ದು ಗುರುವಾರ ಬೆಳಿಗ್ಗೆ. ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಒಣಗುವ ಮೊದಲೇ ಟ್ಯಾಬನ್ನು ಜೋಳದ ಹಿಟ್ಟಿನ ಡಬ್ಬಿಗೆ ಒರಗಿಸಿಟ್ಟು ಅವಳು ಮುಗಿಲಪೇಟೆಗೆ ಹೋಗಿದ್ದಳು. ಹೋಗಿದ್ದಳು ಎಂದರೆ, ಬಿಜಾಪುರದ ಅಥಣಿ ರಸ್ತೆಯ ಬಡಾವಣೆಯ ತನ್ನ ಮನೆಯ ಅಡಿಗೆಕೋಣೆಯಲ್ಲಿ ಕುರ್ಚಿಯ ಮೇಲೆಯೇ ಕುಳಿತಿದ್ದಳು. ಆದರೆ ಅದನ್ನು ಹೋಗುವುದು ಎನ್ನದೆ ಬೇರೆ ಏನೆನ್ನಬೇಕೋ ಎಂಟು ತಿಂಗಳಾದರೂ ಅವಳಿಗೆ ತಿಳಿದಿರಲಿಲ್ಲ. ಮುಗಿಲಪೇಟೆ ಒಂದು ಆಟದೊಳಗಿನ ಊರು. ಎಲ್ಲೆಲ್ಲಿಯವರೋ ತಮ್ಮ ತಮ್ಮ ಫೋನಿನಿಂದ ಒಂದೊಂದು ಗೊಂಬೆಯಾಗಿ ಅಲ್ಲಿಗೆ ಬಂದು, ಮೋಡದ ಮೇಲೆ ಅಂಗಡಿ ಹಾಕಿ, ಬೆಳಕಿನ ಕೊಡೆ, ಹಾರುವ ಕುದುರೆ, ಬಣ್ಣ ಬದಲಿಸುವ ಮನೆ ಇಂಥವನ್ನು ಮಾರುತ್ತಿದ್ದರು, ಕೊಳ್ಳುತ್ತಿದ್ದರು. ಅದನ್ನೆಲ್ಲ ನೋಡಿ ಬರೆದುಕೊಳ್ಳುವುದು ಅವಳ ಕೆಲಸ. ಮೂವತ್ತನಾಲ್ಕು ವರ್ಷ ಸಾಲೆಯಲ್ಲಿ ಕಲಿಸಿ, ಗಂಡನನ್ನು ಕಳೆದುಕೊಂಡು, ಅರವತ್ತೆರಡನೆಯ ವಯಸ್ಸಿನಲ್ಲಿ ಅವಳು ಸಮಾಜಶಾಸ್ತ್ರದ ಎಂ.ಎ. ವಿದ್ಯಾರ್ಥಿನಿಯಾಗಿದ್ದಳು. ಆ ಪೇಟೆಯ ವ್ಯಾಪಾರವೇ ಅವಳ ಪ್ರಬಂಧದ ವಿಷಯ. ಆ ದಿನ ಕರಿಕಂಬಳಿ ಎಂದು ಹೆಸರಿಟ್ಟುಕೊಂಡ ಹುಡುಗನ ಹೋರಿ ಅಂಗಡಿಯ ಮುಂದೆ ಗಿರಾಕಿಗಳಿರಲಿಲ್ಲ. ಮೂಗಿನಿಂದ ಸಣ್ಣ ಸಣ್ಣ ನಕ್ಷತ್ರ ಬಿಡುವ ಹೋರಿಗಳು ಸಾಲಾಗಿ ನಿಂತು ಮೋಡವನ್ನು ಮೆಲುಕು ಹಾಕುತ್ತಿದ್ದವು. ಗೂಟಕ್ಕೆ ಒಂದು ಹಲಗೆ ತೂಗುಹಾಕಿತ್ತು. 'ಮನಿಯಾಗ ಹಿರ್ಯಾರು ತೀರಿಕೊಂಡಾರ. ಅಂಗಡಿ ಬಂದ್ ಐತಿ. ಶನಿವಾರ ಅವರ ದಿವಸದ ಕಾರ್ಯ. ಊರು ಕಾಖಂಡಕಿ.'

ಓದಿ ಮುಗಿಯುತ್ತಲೇ ಅವಳ ಎದೆಯಲ್ಲಿ ಮೊದಲು ಎದ್ದದ್ದು ಸಂತೋಷ. ಕಾಖಂಡಕಿ! ಹಾಗಾದರೆ ಹುಡುಗ ಇಲ್ಲಿಯವನೇ, ಬಬಲೇಶ್ವರದ ಆಚೆ, ಬಸ್ಸಿನಲ್ಲಿ ಕುಳಿತರೆ ಊಟದ ಹೊತ್ತಿನೊಳಗೆ ತಿರುಗಿ ಬರುವಷ್ಟು ದೂರ. ಎಂಟು ತಿಂಗಳು ಕೇಳಿ ಕೇಳಿ ಸೋತ ಊರಿನ ಹೆಸರನ್ನು ಹಲಗೆ ತಾನಾಗಿಯೇ ಹೇಳಿಬಿಟ್ಟಿತ್ತು. ಕೈ ಚಪ್ಪಾಳೆ ತಟ್ಟುವುದಕ್ಕೆ ಎದ್ದದ್ದು ಅರ್ಧಕ್ಕೆ ನಿಂತಿತು. ಯಾರದೋ ಮನೆಯಲ್ಲಿ ಹಿರಿಯರು ಹೋಗಿದ್ದಾರೆ, ನಿನಗೆ ಊರು ಸಿಕ್ಕ ಹಿಗ್ಗು. ತನ್ನನ್ನೇ ಹೀಗೆ ಬೈದುಕೊಂಡು, ಎದ್ದುಹೋಗಿ ಮತ್ತೆ ಕೈಕಾಲು ತೊಳೆದಳು, ಮತ್ತೆ ವಿಭೂತಿ ಹಚ್ಚಿಕೊಂಡಳು, ಕಣ್ಣು ಮುಚ್ಚಿ ಸತ್ತ ಆ ಹಿರಿಯರಿಗಾಗಿ ಎರಡು ಮಾತು ಬೇಡಿಕೊಳ್ಳಹೋದರೆ ಮುಚ್ಚಿದ ಕಣ್ಣೊಳಗೆ ಬಂದು ನಿಂತದ್ದು ಹುಡುಗನೇ: ಕರಿಯ ಕಂಬಳಿ ಹೊದ್ದ ಗಿಡ್ಡ ಗೊಂಬೆ, ನಿಂತಲ್ಲಿ ನಿಲ್ಲದೆ ಟಣ್ಣ ಟಣ್ಣ ಜಿಗಿಯುತ್ತ. ಪಾಪ, ಅವನ ಮುತ್ಯಾ ಇರಬೇಕು ಸತ್ತದ್ದು. ಈಗ ಅವನನ್ನು ಸಾಲೆಗೆ ಹಚ್ಚುವವರು ಇನ್ನು ಯಾರೂ ಇಲ್ಲದ ಹಾಗಾಯಿತು.

ಅವನು ಹುಡುಗನೆಂದು ಅವಳು ಯಾರನ್ನೂ ಕೇಳಿ ತಿಳಿದಿರಲಿಲ್ಲ. ಮೊದಲ ದಿನವೇ ಗುರುತಿಸಿಬಿಟ್ಟಿದ್ದಳು, ಆಮೇಲೆ ಕಂಡದ್ದೆಲ್ಲ ಅದಕ್ಕೆ ಸಾಕ್ಷಿಯಾಯಿತು. ಅಕ್ಷರ ತಪ್ಪು ಬರೆಯುತ್ತಾನೆ, ಕೇಳಿದ್ದಕ್ಕೆಲ್ಲ 'ಹೌದ್ರಿ ಅಕ್ಕೋರ' ಎನ್ನುತ್ತಾನೆ, ಹೇಳದೆ ಕೇಳದೆ ನಾಲ್ಕು ನಾಲ್ಕು ದಿನ ಕಾಣೆಯಾಗುತ್ತಾನೆ, ಮಾತಿನ ನಡುವೆ ಜಿಗಿಯುತ್ತಾನೆ. ಹದಿಮೂರು, ಹೆಚ್ಚೆಂದರೆ ಹದಿನಾಲ್ಕು. ನಾನೊಬ್ಬ ಸಾಲೆಯ ಅಕ್ಕೋರು, ಈಗ ನಿಮ್ಮ ವ್ಯಾಪಾರದ ಮೇಲೆ ಪ್ರಬಂಧ ಬರೆಯಲು ಬಂದಿದ್ದೇನೆ ಎಂದು ನಿಯಮದಂತೆ ತಿಳಿಸಿದ ಮೇಲೆ, 'ಏ ಮರಿ, ಹೆಸರೇನು ನಿಂದು' ಎಂದು ಬರೆದಿದ್ದಳು. ಅಲ್ಲಿ ಮಾತೆಲ್ಲ ಬರಹದಲ್ಲೇ, ದನಿ ಕೇಳುತ್ತಿರಲಿಲ್ಲ. 'ಕರಿಕಂಬಳಿ ರಿ.' 'ಖರೇ ಹೆಸರು?' 'ಸಂತ್ಯಾಗ ಖರೇ ಹೆಸರು ಯಾರ ಹೇಳ್ತಾರ್ರಿ ಅಕ್ಕೋರ.' 'ಸಾಲಿಗಿ ಹೋಗ್ತೀಯೇನು?' 'ಮೂರನೇತ್ತಾ ಮುಗಿಸಿ ಬಿಟ್ಟೀನ್ರಿ. ಕುರಿ ಹಿಂದ ಹಚ್ಚಿದ್ರು.' ಆ ಉತ್ತರವನ್ನು ಅವಳು ಎರಡು ಸಲ ಓದಿದ್ದಳು. ಘೋಣಸಗಿಯ ಸಾಲೆಯಲ್ಲಿ ಅವಳು ಹೊಸದಾಗಿ ಸೇರಿದ ವರ್ಷ ಹಾಜರಿ ಪುಸ್ತಕದಲ್ಲಿ ಹೆಸರು ಕೂಗಿದರೆ ಉತ್ತರ ಬರದ ಹುಡುಗರು ಎಷ್ಟೋ ಜನ ಇದ್ದರು. ಕಿಟಕಿಯ ಹೊರಗೆ ಕುರಿಗಳ ಹಿಂದೆ ಅವರು ಹೋಗುವುದು ಕಾಣುತ್ತಿತ್ತು, ಅವಳು ಮುಂದಿನ ಹೆಸರು ಕೂಗುತ್ತಿದ್ದಳು. ಇವನೊಬ್ಬನನ್ನು ಬಿಡಬಾರದು ಎಂದು ಅಂದೇ ನಿಶ್ಚಯಿಸಿದಳು. ಕ್ಷೇತ್ರದ ಟಿಪ್ಪಣಿ ಒಂದು ಕಡೆ ಇರಲಿ. ದಿನಕ್ಕೆ ಅರ್ಧ ತಾಸು ಪಾಠ. ಹೋರಿಗಳ ನಡುವೆ ಕೂಡಿಸಿ ಒತ್ತಕ್ಷರ ತಿದ್ದಿದಳು, ತಪ್ಪಿದ್ದನ್ನು ಹತ್ತು ಹತ್ತು ಸಲ ಬರೆಸಿದಳು. 'ಹದಿಮೂರರ ಮಗ್ಗಿ ಹೇಳು' ಎಂದರೆ ಅವಳು ಎಣಿಸುವುದಕ್ಕೆ ಮೊದಲೇ ಬರೆದು ಮುಗಿಸಿದ. ಅಷ್ಟೇ ಅಲ್ಲ, ಕಾಲು, ಅರ್ಧ, ಮುಕ್ಕಾಲರ ಮಗ್ಗಿಗಳನ್ನೂ ಒಂದರ ಹಿಂದೊಂದು ಬರೆದು ಕಳಿಸಿದ. ಈಗಿನ ಸಾಲೆಗಳಲ್ಲಿ ಆ ಮಗ್ಗಿಗಳನ್ನು ಕಲಿಸುವವರಿಲ್ಲ, ಹೇಳುವವರೂ ಇಲ್ಲ. ಅದನ್ನು ನೋಡಿ ಸಂಶಯಪಡಬೇಕಾಗಿದ್ದವಳು ಹಿಗ್ಗಿ ಹೀರೇಕಾಯಿಯಾಗಿ, 'ಅಸಾಧಾರಣ ಬುದ್ಧಿಯ ಬಾಲಕ' ಎಂದು ಕೆಂಪು ಶಾಯಿಯಲ್ಲಿ ಬರೆದು ಎರಡು ಗೆರೆ ಎಳೆದಿದ್ದಳು. 'ಈಗ ನೀವು ಹದಿನೇಳರದ್ದು ಹೇಳ್ರಿ ಅಕ್ಕೋರ' ಎಂದು ಅವನು ತಿರುಗಿ ಕೇಳಿದಾಗ ಅವಳು ಹದಿನೇಳು ಎಂಟರಲ್ಲಿ ತಡವರಿಸಿ, ಒಲೆಯ ಮೇಲೆ ಹಾಲು ಉಕ್ಕಿತೆಂದು ಸುಳ್ಳು ಹೇಳಿ ಹೊರಗೆ ಬಂದಿದ್ದಳು.

ಶನಿವಾರ ಬೆಳಿಗ್ಗೆ ಅವಳು ಬಜಾರಿನಲ್ಲಿ ಒಂದು ಕಂಪಾಸ್ ಪೆಟ್ಟಿಗೆ, ಎರಡು ಗೆರೆಯ ನಾಲ್ಕು ನೋಟುಪುಸ್ತಕ ಕೊಂಡು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದಳು. ಸಾವಿನ ಮನೆಗೆ ಕಂಪಾಸ್ ಪೆಟ್ಟಿಗೆ ಒಯ್ಯುತ್ತಾರೆಯೇ? ಒಯ್ಯದೆ ಏನು, ಅಳುವ ಹುಡುಗನ ಕೈಗೆ ಏನಾದರೂ ಕೊಡಬೇಕು. ಬಸ್ಸು ಊರು ದಾಟಿದ ಮೇಲೆ ಎರಡೂ ಕಡೆ ಬಿಳಿಜೋಳ ಹಾಲುಗಾಳಾಗಿ ನಿಂತಿತ್ತು. ಪ್ರತಿ ಹೊಂಡಕ್ಕೂ ಬಸ್ಸು ಎತ್ತಿ ಒಗೆಯುತ್ತಿತ್ತು, ಪ್ರತಿ ಸಲವೂ ಚೀಲದೊಳಗೆ ಕೈವಾರ ಕಣಕಣ ಎನ್ನುತ್ತಿತ್ತು, ಅವಳಿಗೆ ಕಾರಣವಿಲ್ಲದೆ ನಗು ಬರುತ್ತಿತ್ತು. ಪಕ್ಕದವಳು ತಿರುಗಿ ನೋಡಿದಳು. ದಿವಸಕ್ಕೆ ಹೊರಟವಳ ಮುಖ ಹೀಗಿರಬಾರದು ಎಂದು ವಿಜಯಲಕ್ಷ್ಮೀ ತುಟಿ ಬಿಗಿದಳು. ಆದರೆ ಮುಗಿಲಪೇಟೆಯ ನೆನಪು ಬಂದರೆ ಹೀಗೆಯೇ ಆಗುತ್ತಿತ್ತು. ಕಾಲೇಜಿನ ಅರ್ಜಿಯ ಕಿಂಡಿಯಲ್ಲಿ 'ಮಗಳದೇನ್ರಿ ಅರ್ಜಿ' ಎಂದು ಕೇಳಿದ ಗುಮಾಸ್ತ, ತರಗತಿಯಲ್ಲಿ ಅವಳು ಒಳಗೆ ಬಂದರೆ ಉಪನ್ಯಾಸಕಿಯೆಂದು ಎದ್ದುನಿಂತು ಮತ್ತೆ ಕಿಸಕ್ಕನೆ ನಕ್ಕು ಕುಳಿತ ಹುಡುಗಿಯರು, ಮೆಟ್ಟಿಲಿಗೊಮ್ಮೆ ಕಟಕ್ಕೆನ್ನುವ ಮೊಣಕಾಲು, ಇವೆಲ್ಲ ಆ ಊರಿನಲ್ಲಿ ಇರಲಿಲ್ಲ. ಸಹಪಾಠಿ ಕಾವ್ಯಾ ಟ್ಯಾಬಿನಲ್ಲಿ ಆಟ ಹಾಕಿಕೊಟ್ಟು, 'ಅಮ್ಮಾರ, ಈ ಗುಂಡಿ ಒತ್ತಿದ್ರ ಜಿಗಿತೀರಿ' ಎಂದಾಗ ಒತ್ತಿದ್ದಳು. ನೀಲಿ ಸೀರೆಯ ಅವಳ ಗೊಂಬೆ ನೆಲ ಬಿಟ್ಟು ಮೇಲೇರಿ, ತೆಂಗಿನ ಗರಿ ಮುಟ್ಟಿ, ಹತ್ತಿಯ ಹಾಗೆ ಇಳಿದಿತ್ತು. ಮೊಣಕಾಲು ಕಟಕ್ಕೆನ್ನಲಿಲ್ಲ. ಮತ್ತೆ ಒತ್ತಿದಳು. ಆ ಸಂಜೆ ಅನ್ನಕ್ಕಿಟ್ಟದ್ದು ಸೀದುಹೋಗುವವರೆಗೆ ಒತ್ತಿದಳು. ಕುರ್ಚಿಯ ಮೇಲೆ ಅವಳ ಎರಡು ಕಾಲೂ ತಾವಾಗಿಯೇ ಎತ್ತಿಕೊಂಡಿದ್ದವು.

ಕರಿಕಂಬಳಿಯ ಜಿಗಿತ ಬೇರೆ ಬಗೆಯದು. ಅವನು ಗಿರಾಕಿಯನ್ನು ಅಂಗಡಿಯ ಹಿಂದಿನ ಮಣ್ಣುಗೋಡೆಯ ಮರೆಗೆ ಕರೆದೊಯ್ಯುತ್ತಿದ್ದ. ಅಲ್ಲಿ ಇಬ್ಬರೂ ಎದುರುಬದುರು ನಿಂತು ಒಂದು ಮಾತಿಲ್ಲದೆ ಜಿಗಿಯುತ್ತಿದ್ದರು. ಅವನು ಹದಿನಾಲ್ಕು ಸಲ, ಗಿರಾಕಿ ಎಂಟು ಸಲ, ಅವನು ಮತ್ತೆ ಹನ್ನೆರಡು. ಆಮೇಲೆ ಹೊರಗೆ ಬಂದರೆ ಹೋರಿ ಗಿರಾಕಿಯ ಹಿಂದೆ ಹೊರಟಿರುತ್ತಿತ್ತು. ಅವಳು ಇದರ ಮೇಲೆ ಇಪ್ಪತ್ತೆರಡು ಪುಟದ ಅಧ್ಯಾಯ ಬರೆದಿದ್ದಳು: ಬೇಗನೆ ವ್ಯಾಪಾರಕ್ಕೆ ಬಿದ್ದ ಬಾಲಕನೊಳಗೆ ಆಟದ ಹಸಿವು ಹೇಗೆ ಉಳಿದಿದೆ, ಗಿರಾಕಿಗಳೂ ಅದಕ್ಕೆ ಹೇಗೆ ಕರಗಿ ಜೊತೆಗೂಡುತ್ತಾರೆ ಎಂದು. ಒಂದು ದಿನ ತನ್ನನ್ನೂ ಮರೆಗೆ ಕರೆದು ಅವನು ಹನ್ನೊಂದು ಸಲ ಜಿಗಿದಾಗ ಅವಳಿಗೆ ತಡೆಯಲಾಗಲಿಲ್ಲ. ಮಗುವಿನ ಜೊತೆಗೆ ಮಗುವಾಗಿ ಏಳು ಸಲ ಜಿಗಿದಳು. ಅವನು ಮತ್ತೆ ಜಿಗಿಯದೆ ಒಂದು ಹೋರಿಯ ಹಗ್ಗ ಬಿಚ್ಚಿದ. ಅಂದಿನಿಂದ ಒಂದು ಕಂದು ಹೋರಿ ಅವಳ ಗೊಂಬೆಯ ಬೆನ್ನು ಬಿಡದೆ ತಿರುಗುತ್ತಿತ್ತು. ಗುರುಕಾಣಿಕೆ ಎಂದು ಅವಳು ಟಿಪ್ಪಣಿಯಲ್ಲಿ ಬರೆದುಕೊಂಡಳು. ಈ ಅಧ್ಯಾಯವನ್ನು ಓದಿದ ಮಾರ್ಗದರ್ಶಕ ಸಿದ್ದಲಿಂಗೇಶ ಮಾತ್ರ ಪೆನ್ನಿನ ತುದಿಯಿಂದ ಕಿವಿ ಕೆರೆಯುತ್ತ, 'ಅಕ್ಕೋರ, ಅವ ಹುಡುಗ ಅಂತ ಯಾರು ಹೇಳ್ಯಾರ್ರಿ?' ಎಂದು ಕೇಳಿದ್ದ. ಅವನು ಟಿಕೋಟಾದ ಸಾಲೆಯಲ್ಲಿ ಅವಳ ಕೈಯಲ್ಲಿ ಐದನೆಯತ್ತೆ ಕಲಿತವನು. ಹಾಜರಿ ಪುಸ್ತಕಕ್ಕೆ ಅಂಟು ಸುರುವಿದ್ದಕ್ಕೆ ಅವಳು ಬೆಂಚಿನ ಮೇಲೆ ನಿಲ್ಲಿಸಿದ್ದಳು. 'ಮೂವತ್ನಾಕು ವರ್ಷ ಹುಡುಗರ್ನ ನೋಡೇನಿ. ನನಗ ಹೇಳಬ್ಯಾಡ' ಎಂದುಬಿಟ್ಟು, ತಡವಾಗಿ 'ಸರ' ಎಂದು ಸೇರಿಸಿದ್ದಳು. ಅವನು ಐದನೆಯತ್ತೆಯಲ್ಲಿ ತಲೆ ತಗ್ಗಿಸಿದ ಹಾಗೆಯೇ ತಗ್ಗಿಸಿ, ಹಾಗಾದರೆ ಒಪ್ಪಿಗೆ ಪತ್ರಕ್ಕೆ ಹುಡುಗನ ಪಾಲಕರ ಸಹಿ ಬೇಕು, ಅದಿಲ್ಲದೆ ಅಧ್ಯಾಯ ಸೇರಿಸಲು ಬರುವುದಿಲ್ಲ ಎಂದಷ್ಟೇ ಹೇಳಿದ್ದ.

ಕಾಖಂಡಕಿಯಲ್ಲಿ ಇಳಿದು, ಹಿರಿಯರು ತೀರಿಕೊಂಡ ಮನೆ ಯಾವುದೆಂದು ಕೇಳಿದರೆ ತಾನಾಗಿ ಸಿಕ್ಕಿತು. ಅಂಗಳದಲ್ಲಿ ಪೆಂಡಾಲು, ಹಂಡೆಯಲ್ಲಿ ಹುಗ್ಗಿ, ಚಾಪೆಯ ಮೇಲೆ ರುಮಾಲಿನವರು. ನಡುವಯಸ್ಸಿನ ಹೆಂಗಸೊಬ್ಬಳು ತಂಬಿಗೆಯ ನೀರು ಹಿಡಿದು ಬಂದಳು. 'ಬರ್ರಿ ಅಮ್ಮಾರ, ಕಾಲಿಗಿ ನೀರ ಹಾಕ್ಕೋರಿ. ಯಾವ ಕಡಿಂದ ಬಂದ್ರಿ?' 'ಬಿಜಾಪುರದಿಂದ. ಹುಡುಗ ಎಲ್ಲಿ ಅದಾನ್ರಿ? ಅವನ್ನ ಮಾತಾಡ್ಸಾಕ ಬಂದೇನಿ.' 'ಯಾವ ಹುಡುಗ್ರಿ? ನಮ್ಮನಿಯಾಗ ಎರಡೂ ಹೆಣ್ಣಮಕ್ಕಳ ಅದಾವ್ರಿ.' 'ಅವನ ಹೆಸರು ಗೊತ್ತಿಲ್ಲ ನನಗ. ಫೋನಿನ್ಯಾಗ ಹೋರಿ ಮಾರ್ತಾನಲ್ಲ, ಕರಿಕಂಬಳಿ.' ಹೆಂಗಸಿನ ಕೈಯಲ್ಲಿ ತಂಬಿಗೆ ನಿಂತಿತು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಪಡಸಾಲೆಯ ಗೋಡೆಯ ಕಡೆ ನೋಡಿದಳು. ವಿಜಯಲಕ್ಷ್ಮೀಯೂ ನೋಡಿದಳು. ಮಾಲೆ ಹಾಕಿದ ಫೋಟೊ. ಬಿಳಿಯ ರುಮಾಲು, ಮೂಗಿನಡಿ ಹೊರೆಯಷ್ಟು ಮೀಸೆ, ಹೆಗಲ ಮೇಲೆ ಮಡಿಸಿದ ಕರಿಯ ಕಂಬಳಿ, ಎದುರಿಗಿದ್ದವರ ಹಲ್ಲು ನೋಡಿ ವಯಸ್ಸು ಹೇಳುವಂಥ ಕಣ್ಣು. ಕೆಳಗೆ ಬರೆದಿತ್ತು: ಖಂಡಪ್ಪ. ವಯಸ್ಸು ಎಪ್ಪತ್ತೊಂದು.

'ಏ ಮರಿ' ಎಂದಿದ್ದಳು. 'ಮೂಗು ಒರಸ್ಕೊಂಡು ಕೂಡು' ಎಂದಿದ್ದಳು ಒಂದು ದಿನ, ಗೊಂಬೆಗೆ ಮೂಗೇ ಇಲ್ಲದಿದ್ದರೂ. ಹೊಟ್ಟೆಯ ಆಳದಲ್ಲಿ ಎಲ್ಲಿಂದಲೋ ಒಂದು ಗುಳ್ಳೆ ಎದ್ದು ಮೇಲೆ ಬರತೊಡಗಿತು. ಶಿವನೇ, ಇಲ್ಲಿ ಬೇಡ. ತರಗತಿಯಲ್ಲಿ ಬಾಯಿಗೆ ಕೈ ಒತ್ತಿಕೊಂಡು ಕೆಂಪಾಗುತ್ತಿದ್ದ ಹುಡುಗರಿಗೆ 'ಹೊರಗ ನಡಿ' ಎಂದು ಬಾಗಿಲು ತೋರಿಸುತ್ತಿದ್ದವಳು ಅವಳು. ಅವರಿಗೆ ಆಗುತ್ತಿದ್ದದ್ದು ಇದು ಎಂದು ಈಗ ತಿಳಿಯಿತು. ಕಂಬ ಹಿಡಿದಳು, ಕಂಬಕ್ಕೆ ಕಟ್ಟಿದ್ದ ಬೇವಿನ ಎಲೆ ಎಣಿಸಿದಳು, ತೀರಿಹೋದ ತನ್ನ ತಾಯಿಯನ್ನು ನೆನೆದಳು, ಅದೂ ಸಹಾಯಕ್ಕೆ ಬರಲಿಲ್ಲ. ನಕ್ಕುಬಿಟ್ಟಳು. ದಿವಸದ ಮನೆಯಲ್ಲಿ, ಅಷ್ಟು ರುಮಾಲುಗಳ ಎದುರಿಗೆ, ಹಣೆಯ ತುಂಬ ವಿಭೂತಿ ಹಚ್ಚಿಕೊಂಡ ಮುದುಕಿ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಚೀಲ ಜಾರಿ ಕಂಪಾಸ್ ಪೆಟ್ಟಿಗೆ ತೆರೆದುಕೊಂಡು ಕೋನಮಾಪಕ, ಕೈವಾರ ಅಂಗಳದ ತುಂಬ ಚದುರಿದವು. ರುಮಾಲುಗಳೆಲ್ಲ ಅವಳ ಕಡೆ ತಿರುಗಿದವು. ಆಗ ಒಳಗಿನ ಕತ್ತಲ ಮೂಲೆಯಿಂದ ಒಂದು ದನಿ ಬಂತು: 'ಮಹಾನಂದಾ, ಆಕಿ ಸಾಲಿ ಅಕ್ಕೋರು ಬಂದ್ರೇನ ನೋಡು. ದಿವಸದ ಮನ್ಯಾಗ ಹಿಂಗ ನಗಾವ್ರು ಅವರ ಇರಬೇಕು. ಹುಡುಗ ಅಂತ ಕೇಳ್ಕೋತ ಬಂದಾರೇನು?' ಖಂಡಪ್ಪನ ಹೆಂಡತಿ ಸಕ್ರವ್ವ ಗೋಡೆಗೆ ಬೆನ್ನು ಆನಿಸಿ ಕುಳಿತಿದ್ದಳು. ಅತ್ತು ಬಾತ ಅವಳ ಮುಖದಲ್ಲಿಯೂ ಅದೇ ಗುಳ್ಳೆ ಏರುತ್ತಿತ್ತು. 'ಬರ್ರಿ ಅಕ್ಕೋರ, ಕೂಡ್ರಿ. ನೀವು ಬೈದ ದಿನಾ ಎರಡು ರೊಟ್ಟಿ ಹೆಚ್ಚ ತಿಂತಿದ್ರು ನಮ್ಮವರು.'

ನಗು ಬಂದ ಹಾಗೆಯೇ ಹೋಯಿತು. ಅದು ಹೋದ ಜಾಗದಲ್ಲಿ ನಾಚಿಕೆ ಬಂದು ಕುಳಿತಿತು. ತಂಬಿಗೆ ಹಿಡಿದು ಬಂದಿದ್ದ ಮಹಾನಂದಾ ಖಂಡಪ್ಪನ ಸೊಸೆ. ಆಟವನ್ನು ಮಾವನಿಗೆ ಹಾಕಿಕೊಟ್ಟವಳೂ ಅವಳೇ, ಹಲಗೆ ಬರೆದವಳೂ ಅವಳೇ. 'ನಲವತ್ತು ವರ್ಷ ದನದ ಸಂತ್ಯಾಗ ದಲಾಲಿ ಮಾಡ್ಯಾರ್ರಿ ಮಾವಾರು. ದನಕ್ಕ ಚರ್ಮದ ಗಂಟರೋಗ ಬಂದು ಸಂತಿ ಬಂದ್ ಆದಾಗ ಊಟ ಬಿಟ್ಟು ಗ್ವಾಡಿ ನೋಡ್ಕೋತ ಕುಂತಿದ್ರು. ಆಮ್ಯಾಲ ಎದ್ಯಾಗ ಬ್ಯಾನಿ ಬಂತು, ಡಾಕ್ಟರು ಸಂತಿ ತಿರಗಬ್ಯಾಡ ಅಂದ್ರು. ಅದಕ ನಾನ ಹಾಕಿ ಕೊಟ್ಟೆ. ಎಂಟು ದಿನದಾಗ ಅಲ್ಲೂ ಅಂಗಡಿ ಹೂಡಿದ್ರು.' ಹೇಳುತ್ತಲೇ ಅವಳು ದೇವರ ಮಾಡದಿಂದ ಒಂದು ನೋಟುಪುಸ್ತಕ ತಂದು ಕೊಟ್ಟಳು. ವಿಜಯಲಕ್ಷ್ಮೀ ತೆರೆದಳು. ಅವಳು ಕೊಟ್ಟ ಪಾಠಗಳೆಲ್ಲ ಅದರಲ್ಲಿದ್ದವು. ಫೋನಿನಲ್ಲಿ ಬರೆದು ಕಳಿಸಿದ್ದಲ್ಲದೆ, ಇಲ್ಲಿ ಪೆನ್ಸಿಲಿನಿಂದ, ಹೊಲದ ಸಾಲಿನಷ್ಟು ನೆಟ್ಟಗೆ, ಹತ್ತು ಎಂದಲ್ಲಿ ಖಂಡಪ್ಪ ಹನ್ನೆರಡು ಸಲ ಬರೆದಿದ್ದ, ಎರಡು ಕೊಸರು. ಕೊನೆಯಿಂದ ಮೂರನೆಯ ಪುಟದಲ್ಲಿ ಅಕ್ಷರ ನಡುಗಿದ್ದವು. 'ಹೇಳದೆ ಕೇಳದೆ ಅಂಗಡಿ ಬಿಟ್ಟು ಹೋಗುವುದಿಲ್ಲ.' ಇಪ್ಪತ್ತು ಸಲ. ಅದು ಅವಳೇ ಕೊಟ್ಟ ಶಿಕ್ಷೆ. ಡಿಸೆಂಬರಿನಲ್ಲಿ ನಾಲ್ಕು ದಿನ ಅವನು ಕಾಣೆಯಾದಾಗ ಅವಳು ಕಾದು ಸಿಟ್ಟಿಗೆದ್ದು, ಐದನೆಯ ದಿನ ಇದನ್ನು ಬರೆದು ಕಳಿಸು ಎಂದು ಆಜ್ಞೆ ಹಾಕಿದ್ದಳು. 'ಅವತ್ತ ಇವರು ಬಿಜಾಪುರದ ದವಾಖಾನ್ಯಾಗ ಇದ್ರು ಅಕ್ಕೋರ,' ಎಂದಳು ಸಕ್ರವ್ವ. 'ಮೂಗಿಗಿ ನಳಿಗಿ ಹಾಕಿದ್ರು. ಮಹಾನಂದಾ ನಿಮ್ಮ ಮಾತು ಓದಿ ಹೇಳಿದ್ಲು. ಪುಸ್ತಕ ತಗೊಂಡ ಬಾ ಅಂತ ಕೈ ಮಾಡಿದ್ರು.' ಅದೇ ದವಾಖಾನೆಯ ರಸ್ತೆಯಲ್ಲಿ ಅವಳು ಆ ವಾರ ಎರಡು ಸಲ ಕಾಯಿಪಲ್ಲೆಗೆ ಹೋಗಿದ್ದಳು. ಕಿಟಕಿಯ ಒಳಗೆ ಎಪ್ಪತ್ತೊಂದರ ಮನುಷ್ಯ ಅವಳು ಹೇಳಿದ್ದನ್ನು ಬರೆಯುತ್ತ ಮಲಗಿದ್ದ.

ಚೀಲದಿಂದ ಅವಳು ಒಪ್ಪಿಗೆ ಪತ್ರದ ಮುದ್ರಿತ ಪ್ರತಿಯನ್ನು ತೆಗೆದಳು. 'ಪಾಲಕರ ಸಹಿ' ಎಂಬಲ್ಲಿ ಹಳದಿಯ ಹೆಬ್ಬೆಟ್ಟು. ನಿಮ್ಮಪ್ಪನ ಸಹಿ ತಗೊಂಡು ಬಾ ಎಂದು ಅವಳು ಅಟ್ಟಿದಾಗ ಎರಡು ದಿನ ಬಿಟ್ಟು ಫೋಟೊ ತೆಗೆದು ಕಳಿಸಿದ್ದ ಕಾಗದ ಇದು. ಕೈ ತೊಳೆದು ಸಹಿ ಮಾಡಬಾರದೇನು ಎಂದು ಆಗಲೂ ಬೈದಿದ್ದಳು. 'ಅಪ್ಪನ ಕೈ ಯಾವಾಗೂ ಹಂಗ ಇರ್ತದ್ರಿ' ಎಂದು ಉತ್ತರ ಬಂದಿತ್ತು. 'ಇದು ಯಾರದ್ರಿ?' ಎಂದು ಕೇಳಿದಳು. ಸಕ್ರವ್ವ ಕಾಗದವನ್ನು ಬೆಳಕಿಗೆ ಹಿಡಿದು ಗುರುತಿಸಿದಳು. 'ಇವರದ. ಹೊಲದಾಗ ಇವರಪ್ಪ ಅಮೋಘಸಿದ್ದನ ಸಮಾಧಿ ಐತ್ರಿ. ಅಕ್ಕೋರು ಅಪ್ಪನ ಸಹಿ ಕೇಳ್ಯಾರ, ಸುಳ್ಳು ಹೆಂಗ ಕೊಡ್ಲಿ ಅಂತ ಒಂದು ದಿನಾ ಒದ್ದಾಡಿದ್ರು. ಕಡೀಕ ಕಾಗದಾ ಒಯ್ದು ಸಮಾಧಿ ಮ್ಯಾಲ ಇಟ್ಟು, ಅಪ್ಪಾ ಕೇಳ್ತಾರ ನೋಡು, ಕೊಡ್ಲೇನು ಅಂತ ಕೇಳಿ, ಅಲ್ಲಿ ಭಂಡಾರದಾಗ ಹೆಬ್ಬಟ್ಟ ಅದ್ದಿ ಒತ್ತಿಕೊಂಡ ಬಂದ್ರು.' ಸಮಾಧಿಗೆ ಏರಿಸುವ ಅರಿಷಿಣದ ಪುಡಿ ಅದು. ವಿಜಯಲಕ್ಷ್ಮೀ ಅದನ್ನು ಹುಡುಗನ ಮನೆಯ ಸಾರಿನ ಕಲೆ ಎಂದು ತಿಳಿದಿದ್ದಳು.

ಅವಳು ಎದ್ದು ಅಂಗಳದ ಹಿಂದೆ ಬಂದು ಸಿದ್ದಲಿಂಗೇಶನಿಗೆ ಫೋನು ಮಾಡಿದಳು. ಇನ್ನು ಹತ್ತು ದಿನದಲ್ಲಿ ಪ್ರಬಂಧ ಒಪ್ಪಿಸಬೇಕು. 'ಸರ,' ಎಂದಳು, ಈ ಸಲ ಮಾತು ತಡವಾಗಲಿಲ್ಲ. 'ನೀವು ಕೇಳಿದ್ದು ಖರೆ ಇತ್ತು. ಅವ ಹುಡುಗ ಅಲ್ಲ. ನನಗಿಂತ ಒಂಬತ್ತು ವರ್ಷ ದೊಡ್ಡಾವ್ರು. ತೀರಿಕೊಂಡಾರ. ಮೂರನೇ ಅಧ್ಯಾಯ ಎಲ್ಲಾ ಸುಳ್ಳಾತು. ಬೆಂಚ್ ಮ್ಯಾಲ ನಿಂದ್ರಲೇನ್ರಿ ನಾನು?' ಅವನು ಈಗ ನಗುತ್ತಾನೆಂದು ಅವಳು ತಿಳಿದಳು. ನಗಲಿ, ಮೂವತ್ತು ವರ್ಷದ ಬಾಕಿ. ಆದರೆ ಅವನ ದನಿ ಮೆತ್ತಗಿತ್ತು. 'ಇಳೀರಿ ಅಕ್ಕೋರ ಬೆಂಚ್ ಮ್ಯಾಲಿಂದ. ಕಿತ್ತಿ ಒಗೀಬ್ಯಾಡ್ರಿ ಅಧ್ಯಾಯ. ನೀವು ಅವರನ್ನ ಯಾಕ ಹುಡುಗ ಅಂತ ತಿಳದ್ರಿ, ಅದನ್ನ ಬರೀರಿ. ಅವರು ಯಾಕ ಹೌದು ಅಂದ್ರು, ಅದು ಮನಿಯವರು ಹೇಳಿದ್ರ ಅದನ್ನೂ ಬರೀರಿ. ಅವರು ಬ್ಯಾಡ ಅಂದ್ರ ಮಾತ್ರ ಬಿಡ್ರಿ.'

ಅವರು ಯಾಕೆ ಹೌದು ಎಂದರು. ಅವಳಿಗೆ ಬೇಕಾಗಿದ್ದದ್ದೂ ಅದೊಂದೇ. ಪ್ರಬಂಧ ಇರಲಿ ಹೋಗಲಿ. ಎಂಟು ತಿಂಗಳು ಒಬ್ಬ ಹಿರಿಯ ಮನುಷ್ಯ ತನ್ನನ್ನು ಆಡಿಸಿ ಸಂಜೆಗೆ ಮನೆಯವರೊಂದಿಗೆ ಕುಳಿತು ನಗುತ್ತಿದ್ದನೇ, ಅಥವಾ ನೊಂದುಕೊಂಡು ಸುಮ್ಮನಿದ್ದನೇ? ಒಳಗೆ ಬಂದು ಸಕ್ರವ್ವನ ಎದುರಿಗೆ ಕುಳಿತು, ತುಂಬಿದ ತರಗತಿಯಲ್ಲಿ ತಪ್ಪೊಪ್ಪಿಕೊಳ್ಳುವ ಹುಡುಗಿಯ ಹಾಗೆ ಕೇಳಿದಳು. 'ಯಕ್ಕಾ, ನನಗ ಖರೇ ಹೇಳ್ರಿ. ನನ್ನ ಮ್ಯಾಲ ಏನಿತ್ತು ಅವರ ಮನಸಿನ್ಯಾಗ? ಹುಚ್ಚಿ ಅಂತಿದ್ರೇನು?' ಸಕ್ರವ್ವ ತಿರುಗಿ ಕೇಳಿದಳು. 'ಅವರು ಗ್ವಾಡಿ ಹಿಂದ ಕರದು ಜಿಗೀತಿದ್ರಲ್ಲ, ಅದು ಏನಂತ ತಿಳಿದ್ರಿ ನೀವು?' 'ಆಟಾ ಅಂತ.' ಮಹಾನಂದಾ ಮತ್ತೆ ಸೆರಗು ಬಾಯಿಗೆ ಒತ್ತಿದಳು. 'ದರಾ ಅದು ಅಕ್ಕೋರ,' ಎಂದಳು ಸಕ್ರವ್ವ. 'ದನದ ಸಂತ್ಯಾಗ ದರ ಬಾಯಿಲೆ ಹೇಳಾಂಗಿಲ್ಲ. ವಸ್ತ್ರದ ಬುಡಕ ಕೈ ಹಿಡದು ಬೆರಳಿನ್ಯಾಗ ಹೇಳ್ತಾರ, ಮಂದಿಗಿ ತಿಳೀಬಾರ್ದು ಅಂತ. ಆ ನಿಮ್ಮ ಮೋಡದ ಊರಾಗ ಗೊಂಬಿಗಿ ಬೆರಳಿಲ್ಲಂತ. ಅದಕ ಜಿಗಿಯೂದು ಹಚ್ಚಿದ್ರು. ನಿಮಗ ಹನ್ನೊಂದಕ್ಕ ಹೇಳಿದ್ರು, ನೀವು ಏಳಕ್ಕ ಇಳಿಸಿ ಕೇಳಿದ್ರಿ. ಮನಿಗಿ ಬಂದು ಏನಂದ್ರು ಗೊತ್ತೇನು? ನಲವತ್ತು ವರ್ಷದಾಗ ಹಿಂಗ ಕಣ್ಣ ಪಿಳುಕಿಸದ ಯಾರೂ ಕೇಳಿದ್ದಿಲ್ಲ, ಅಕ್ಕೋರು ದೊಡ್ಡ ದಲಾಲಿ ಆಗಾವ್ರು ಅಂದ್ರು.' ಈ ಸಲ ಮೂವರೂ ಒಟ್ಟಿಗೆ ನಕ್ಕರು. ಹೊರಗೆ ರುಮಾಲಿನವರು ತಿರುಗಿ ನೋಡಿದರೂ ನಕ್ಕರು.

ಆಮೇಲೆ ಸಕ್ರವ್ವ ಗೂಟದ ಮೇಲಿದ್ದ ಗಂಡನ ಹೆಗಲ ವಸ್ತ್ರವನ್ನು ತೆಗೆದು ಇಬ್ಬರ ಕೈಗಳ ಮೇಲೆ ಹಾಸಿದಳು. 'ನಾನೂ ಒಂದಿನ ಕೇಳಿದ್ದೆ ಇವರ್ನ. ಸಣ್ಣ ಹುಡುಗ ಆಗಿ ಬೈಸ್ಕೋತೀಯಲ್ಲೋ ಮಾರಾಯಾ, ಏನ ಬೆಲಿ ಐತಿ ಅದಕ, ಅಂತ. ಸಾಲಿ ಬಿಡಿಸಿದ ದಿನದಿಂದ ನನ್ನ ಯಾರೂ ತಿರಗಿ ಸಾಲಿಗಿ ಕರದಿದ್ದಿಲ್ಲ ಅಂದ್ರು. ಆಮ್ಯಾಲ ವಸ್ತ್ರಾ ಹಾಕಿ ಬೆಲಿ ಹೇಳಿದ್ರು. ಹಿಡೀರಿ ಕೈ.' ಬಟ್ಟೆಯ ಕೆಳಗಿನ ಕತ್ತಲಲ್ಲಿ ಸುಣ್ಣದ ಗೋಡೆಯ ಹಾಗೆ ಒರಟಾದ ಬೆರಳುಗಳು ವಿಜಯಲಕ್ಷ್ಮೀಯ ಬೆರಳುಗಳನ್ನು ಒಂದೊಂದಾಗಿ ಹುಡುಕಿದವು, ಮಡಿಸಿದವು, ಒತ್ತಿದವು, ಮುಗಿಯಿತೆಂದು ಅವಳು ತಿಳಿದಾಗ ಮತ್ತೆ ಒತ್ತಿದವು. ಮತ್ತೆ. ಅದು ಎಷ್ಟೆಂದು ಅವಳು ಪ್ರಬಂಧದಲ್ಲಿ ಬರೆಯಲಿಲ್ಲ. ವಸ್ತ್ರದ ಕೆಳಗಿನದು ಬಾಯಿಗೆ ಬರಬಾರದು. ಟಿಕೋಟಾದ ಸಂತೆಯಿಂದ ಮುಗಿಲಪೇಟೆಯವರೆಗೆ ಯಾವ ಹೋರಿಗೂ ಯಾರೂ ಅಷ್ಟು ಹೇಳಿರಲಾರರು ಎಂಬುದೊಂದು ಅವಳಿಗೆ ತಿಳಿಯಿತು. ಈಗ ಅತ್ತಳು, ಸದ್ದಿಲ್ಲದೆ, ಬಟ್ಟೆಯ ಕೆಳಗಿನ ಕೈ ಬಿಡಿಸಿಕೊಳ್ಳದೆ. 'ಬರೀಲೇನ್ರಿ ಯಕ್ಕಾ, ಅವರ ಬಗ್ಗೆ?' 'ಹೆಬ್ಬಟ್ಟ ಒತ್ತ್ಯಾರಲ್ಲ. ಇನ್ನ ನನ್ನ ಯಾಕ ಕೇಳ್ತೀರಿ. ಹುಡುಗ ಅಂತಿದ್ದೆ ಅನ್ನೂದ ಬಿಡಬ್ಯಾಡ್ರಿ ಮತ್ತ.'

ಇಳಿಹೊತ್ತಿಗೆ ಹೊಲಕ್ಕೆ ಹೋದರು. ಹಳೆಯ ಸಮಾಧಿಯ ಮಗ್ಗುಲಲ್ಲಿ ಹೊಸ ಮಣ್ಣು. ಅಪ್ಪನ ಪಕ್ಕದಲ್ಲಿ ಮಗ. ಎರಡರ ಮೇಲೂ ಭಂಡಾರ. ವಿಜಯಲಕ್ಷ್ಮೀ ಕಂಪಾಸ್ ಪೆಟ್ಟಿಗೆಯನ್ನು ಹೊಸ ಮಣ್ಣಿನ ಮೇಲಿಟ್ಟಳು. ಸಾವಿನ ಮನೆಗೆ ಒಯ್ಯುವ ವಸ್ತು ಅಲ್ಲವೆಂದು ಯಾರೂ ಅನ್ನಲಿಲ್ಲ. ಸುತ್ತ ಜೋಳ ಆಳೆತ್ತರ ನಿಂತಿತ್ತು, ಗೋಡೆಯ ಮರೆಯ ಹಾಗೆಯೇ ಇತ್ತು. ಸೀರೆಯ ನಿರಿಗೆ ಎತ್ತಿ ಹಿಡಿದು ಅವಳು ಜಿಗಿದಳು. ನೆಲದಿಂದ ಒಂದು ಗೇಣು ಎದ್ದಳೋ ಇಲ್ಲವೋ, ಮೊಣಕಾಲು ಕಟಕ್ಕೆಂದಿತು. 'ಒಂದೇ ಏನ್ರಿ?' ಎಂದಳು ಸಕ್ರವ್ವ ಹಿಂದಿನಿಂದ. 'ಬಾಳ ಕಡಿಮಿ ಆತು ಅಕ್ಕೋರ.' ಅವಳು ಮತ್ತೆ ಜಿಗಿದಳು. ಏಳರವರೆಗೆ ಹೋದಳು. ಏದುಸಿರು ಬಿಡುತ್ತ, ನಗುತ್ತ, ಮಣ್ಣಿನ ಎದುರಿಗೆ ಕೈ ಜೋಡಿಸಿ ನಿಂತಳು.

ಶಿವನೇ, ಈ ಹಿರಿಯನನ್ನು ಏಕವಚನದಲ್ಲಿ ಕರೆದೆ, ಅದನ್ನು ನನ್ನ ಲೆಕ್ಕಕ್ಕೆ ಹಾಕು, ಅವನಿಗೆ ಅದರ ನೋವು ಉಳಿಸಬೇಡ. ನಿನ್ನ ಅಂಗಳದಲ್ಲಿ ನಂದಿಯ ಹತ್ತಿರ ನೆರಳಿರುವ ಜಾಗ ಕೊಡು. ದನದ ಮೈ ತಟ್ಟಲು ಬಲ್ಲ ಕೈ ಅದು. ಎದೆಯ ನೋವು ಇಲ್ಲಿಯೇ ಉಳಿಯಲಿ. ಮತ್ತೆ ನಾನು ನಂಬಿಕೊಂಡಿದ್ದ ಆ ಹುಡುಗ. ಅವನು ಎಲ್ಲಿಯೂ ಇರಲಿಲ್ಲ, ಆದರೂ ಅವನನ್ನು ನನ್ನಿಂದ ಕಸಿದುಕೊಂಡಿರುವೆ. ಅವನನ್ನೂ ಈ ಹಿರಿಯನ ಕೈಗೆ ಕೊಟ್ಟಿದ್ದೇನೆ. ಇನ್ನು ಯಾರೂ ಅವನನ್ನು ಸಾಲೆ ಬಿಡಿಸದ ಹಾಗೆ ನೋಡಿಕೊ. ಇಬ್ಬರಿಗೂ, ತಂದೆಯೇ, ಶಾಂತಿ ಕೊಡು.